ಸ್ಪಿಟ್‌ಫೈರ್‌ಗೆ ಫ್ಲೋಟ್ ಕಟ್ಟುವ ಬಗೆ

ಎರಡನೆಯ ಮಹಾಯುದ್ಧದ ವಿಮಾನಗಳ ಪ್ಲಾಸ್ಟಿಕ್ ಮಾದರಿಗಳನ್ನು ಜೋಡಿಸುವ ಹವ್ಯಾಸವಿರುವವರ ಕಪಾಟಿನಲ್ಲಿ ಬ್ರಿಟನ್ನಿನ ಯುದ್ಧವಿಮಾನ ಸ್ಪಿಟ್‌ಫೈರ್ ಒಂದಾದರೂ ಇದ್ದೇ ಇರುತ್ತದೆ. ಬ್ರಿಟನ್ನಿನ ಏರ್‌ಫಿಕ್ಸ್ ಕಂಪನಿ 1953ರಲ್ಲಿ ಹೊರತಂದ ಮೊದಲ ವಿಮಾನದ ಕಿಟ್ ಕೂಡ ಸ್ಪಿಟ್‌ಫೈರ್‌ನದೇ. ಆದರೆ ಚಕ್ರಗಳ ಜಾಗದಲ್ಲಿ ದೋಣಿಯಂಥ ಎರಡು ಉದ್ದನೆಯ ಫ್ಲೋಟ್‌ಗಳನ್ನು ಹೊತ್ತು, ನೀರಿನ ಮೇಲೆಯೇ ಓಡಿ ಮೇಲೇಳುತ್ತಿದ್ದ ಸ್ಪಿಟ್‌ಫೈರ್ ಒಂದಿತ್ತೆಂದರೆ ಹಳೆಯ ಹವ್ಯಾಸಿಗಳೂ ಒಮ್ಮೆ ಹುಬ್ಬೇರಿಸುತ್ತಾರೆ. ಅದರ ಸಿದ್ಧ ಭಾಗಗಳು ತುಮಕೂರಿನಂಥ ಊರಿಗೆ ಬಂದು ಸೇರುವುದು ದೂರದ ಮಾತು. ಸಾಮಾನ್ಯವಾಗಿ ಸಿಗುವ 1/72 ಪ್ರಮಾಣದ ಸ್ಪಿಟ್‌ಫೈರ್ ಮಾರ್ಕ್ ಐದು ಬಿ (ಆ ವಿಮಾನದ ಒಂದು ಆವೃತ್ತಿ) ಕಿಟ್ ಒಂದನ್ನು ತೆಗೆದುಕೊಂಡು, ಮರ, ಪ್ಲಾಸ್ಟಿಕ್ ಹಾಳೆ ಮತ್ತು ಸಂದು ತುಂಬುವ ಪುಟ್ಟಿಯಿಂದ ಆ ಅಪರೂಪದ ರೂಪಕ್ಕೆ ತರುವುದು ಹೇಗೆ ಎಂಬುದನ್ನು ಈ ಲೇಖನ ವಿವರಿಸುತ್ತದೆ.

ಕಿಟ್ ಜೋಡಿಸುವುದರಲ್ಲಿ ಮೂರು ಬಗೆಯುಂಟು. ಡಬ್ಬಿಯಲ್ಲಿ ಬಂದದ್ದನ್ನು ಬಂದ ಹಾಗೆಯೇ ಜೋಡಿಸುವುದು ಮೊದಲನೆಯದು. ಬೇರೆ ತಯಾರಕರು ರಾಳದಲ್ಲಿ ಎರಕ ಹೊಯ್ದು ಮಾರುವ ಭಾಗಗಳನ್ನು ಕೊಂಡು ಸೇರಿಸುವುದು ಎರಡನೆಯದು. ಬೇಕಾದ ಭಾಗವನ್ನು ಹಾಳೆ, ಕಡ್ಡಿ, ಮರದ ತುಂಡಿನಿಂದ ನಾವೇ ಮಾಡಿಕೊಳ್ಳುವುದು ಮೂರನೆಯದು. ಮೂರನೆಯ ದಾರಿ ಹಿಡಿದವರಲ್ಲಿ ಹೆಚ್ಚಿನವರು ಎಡವುವುದು ಕೈಚಳಕದ ಕೊರತೆಯಿಂದಲ್ಲ ಎಂಬುದು ನನ್ನ ಅನುಭವ. ಕಣ್ಣಿಗೆ ಮೊದಲು ಬೀಳುವ ದೊಡ್ಡ ಬದಲಾವಣೆಯೊಂದನ್ನೇ ಮಾಡಿ ಅವರು ಕೆಲಸ ಮುಗಿಯಿತೆಂದುಕೊಳ್ಳುತ್ತಾರೆ. ಚಕ್ರವಿರುವ ಸ್ಪಿಟ್‌ಫೈರ್‌ಗೆ ಎರಡು ಫ್ಲೋಟ್ ಅಂಟಿಸಿದರೆ ದೊರೆಯುವುದು ಫ್ಲೋಟ್ ಅಂಟಿಸಿಕೊಂಡ ಸ್ಪಿಟ್‌ಫೈರ್ ಅಷ್ಟೇ. ನಿಜವಾದ ವಿಮಾನದಲ್ಲಿ ಒಂದು ಭಾಗ ಬದಲಾದರೆ ಅದರ ಪರಿಣಾಮವಾಗಿ ಇನ್ನೊಂದು, ಅದರಿಂದ ಮತ್ತೊಂದು ಬದಲಾಗುತ್ತದೆ. ಆ ಸರಪಳಿಯ ಕಾರಣಗಳನ್ನು ಮೊದಲು ತಿಳಿದುಕೊಂಡವರಿಗೆ ಎಲ್ಲಿ ಕತ್ತರಿಸಬೇಕು, ಎಲ್ಲಿ ತುಂಬಬೇಕು ಎಂಬುದು ತಾನಾಗಿಯೇ ಹೊಳೆಯುತ್ತದೆ.

ಹಾಗಾಗಿ ಬ್ಲೇಡು ಕೈಗೆತ್ತಿಕೊಳ್ಳುವ ಮೊದಲು ಸ್ವಲ್ಪ ಇತಿಹಾಸ ಬೇಕು. ನೀರಿನ ಮೇಲೆ ಇಳಿಯುವ ವಿಮಾನಗಳಲ್ಲಿ ಎರಡು ಜಾತಿ. ಒಂದರಲ್ಲಿ ವಿಮಾನದ ಒಡಲೇ ದೋಣಿಯಾಗಿರುತ್ತದೆ. ಯುದ್ಧಕಾಲದಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ದುರಸ್ತಿಗೆ ಬರುತ್ತಿದ್ದ ಕ್ಯಾಟಲೀನಾ ಆ ಜಾತಿಯದು. ಇನ್ನೊಂದರಲ್ಲಿ ಒಡಲು ನೀರಿಗೆ ತಾಗುವುದೇ ಇಲ್ಲ. ಕೆಳಗೆ ಕಾಲುಗಳ ಮೇಲೆ ಕಟ್ಟಿದ ಫ್ಲೋಟ್‌ಗಳು ಮಾತ್ರ ತೇಲುತ್ತವೆ. ನಮ್ಮ ಸ್ಪಿಟ್‌ಫೈರ್ ಎರಡನೆಯ ಜಾತಿಗೆ ಸೇರಿದ್ದು. ಒಂದು ರೀತಿಯಲ್ಲಿ ಇದು ತವರಿಗೆ ಮರಳಿದ ಕಥೆಯೂ ಹೌದು. ಸ್ಪಿಟ್‌ಫೈರ್‌ನ ವಿನ್ಯಾಸಕ ಆರ್. ಜೆ. ಮಿಚೆಲ್ ಹೆಸರು ಮಾಡಿದ್ದೇ ನೀರಿನಿಂದ ಮೇಲೇಳುವ ವಿಮಾನಗಳ ವೇಗದ ಪಂದ್ಯವಾದ ಶ್ನೈಡರ್ ಟ್ರೋಫಿಯ ಸ್ಪರ್ಧೆಗಾಗಿ ಸೂಪರ್‌ಮರೀನ್ ಕಂಪನಿ ಕಟ್ಟಿದ ಫ್ಲೋಟ್ ವಿಮಾನಗಳಿಂದ; ಅವುಗಳಲ್ಲಿ ಕೊನೆಯದಾದ ಎಸ್.6ಬಿ 1931ರಲ್ಲಿ ಗಂಟೆಗೆ 400 ಮೈಲಿಗಳ ಗಡಿ ದಾಟಿತ್ತು. ಸ್ಪಿಟ್‌ಫೈರ್ ಮೊದಲ ಬಾರಿಗೆ ಹಾರಿದ್ದು 1936ರ ಮಾರ್ಚ್ 5ರಂದು, ಚಕ್ರಗಳ ಮೇಲೆ.

1940ರ ವಸಂತದಲ್ಲಿ ನಾರ್ವೆಯ ಮೇಲೆ ಜರ್ಮನಿ ದಾಳಿ ಮಾಡಿದಾಗ, ಅಲ್ಲಿ ರನ್‌ವೇಗಳು ಕಡಿಮೆಯಿದ್ದು ಕಡಲತೋಳುಗಳು ಹೇರಳವಾಗಿದ್ದುದರಿಂದ, ಬ್ಲ್ಯಾಕ್‌ಬರ್ನ್ ರಾಕ್ ಎಂಬ ಬೇರೊಂದು ವಿಮಾನದ ಫ್ಲೋಟ್‌ಗಳನ್ನು ಸ್ಪಿಟ್‌ಫೈರ್‌ಗೆ ಕಟ್ಟುವ ಯತ್ನ ನಡೆಯಿತು. ಜೂನ್ ಹೊತ್ತಿಗೆ ನಾರ್ವೆಯೇ ಕೈಬಿಟ್ಟು ಹೋದದ್ದರಿಂದ ಆ ಕೆಲಸ ನಿಂತಿತು. ಎರಡನೆಯ ಯತ್ನ ಹೆಚ್ಚು ಗಂಭೀರವಾದದ್ದು. ಡಬ್ಲ್ಯು3760 ಸಂಖ್ಯೆಯ ಮಾರ್ಕ್ ಐದು ಬಿ ವಿಮಾನವನ್ನು ಫೋಲೆಂಡ್ ಕಂಪನಿ ಮಾರ್ಪಡಿಸಿತು. ಶ್ನೈಡರ್ ಸ್ಪರ್ಧೆಯ ವಿಮಾನಗಳಿಗೆ ಫ್ಲೋಟ್ ರೂಪಿಸಿದ್ದ ಆರ್ಥರ್ ಶಿರ್ವಾಲ್ ಅವರೇ ಇದರ ಫ್ಲೋಟ್‌ಗಳನ್ನೂ ವಿನ್ಯಾಸ ಮಾಡಿದರು. 1942ರ ಅಕ್ಟೋಬರ್ 12ರಂದು ಪರೀಕ್ಷಾ ಪೈಲಟ್ ಜೆಫ್ರಿ ಕ್ವಿಲ್ ಅದನ್ನು ಮೊದಲ ಬಾರಿಗೆ ಹಾರಿಸಿದರು. ಆಮೇಲೆ ಇಪಿ751 ಮತ್ತು ಇಪಿ754 ಸಂಖ್ಯೆಯ ಇನ್ನೆರಡು ತಯಾರಾದವು. 1943ರಲ್ಲಿ ಈ ಮೂರನ್ನೂ ಈಜಿಪ್ಟಿಗೆ ಸಾಗಿಸಿ, ಸೂಯೆಜ್ ಕಾಲುವೆಗೆ ಕೂಡಿಕೊಂಡಿರುವ ಗ್ರೇಟ್ ಬಿಟರ್ ಸರೋವರದಲ್ಲಿ ಇರಿಸಲಾಯಿತು. ಗ್ರೀಸ್ ಬಳಿಯ ಡೋಡೆಕನೀಸ್ ದ್ವೀಪಗಳ ನಡುವೆ ಮರೆಯಾಗಿ ನಿಂತು ಜರ್ಮನ್ ಸರಬರಾಜನ್ನು ಹೊಡೆಯಬೇಕೆಂಬುದು ಯೋಜನೆ. ಆದರೆ ಅಕ್ಟೋಬರ್‌ನಲ್ಲಿ ಕೋಸ್, ನವೆಂಬರ್‌ನಲ್ಲಿ ಲೆರೋಸ್ ದ್ವೀಪ ಜರ್ಮನರ ವಶವಾದವು, ಯೋಜನೆ ಅಲ್ಲಿಗೇ ಕೊನೆಗೊಂಡಿತು. ಅದೇ ಕಾಲದಲ್ಲಿ ಜಪಾನೀಯರು ತಮ್ಮ ಜೀರೋ ವಿಮಾನಕ್ಕೆ ಫ್ಲೋಟ್ ಕಟ್ಟಿ ಮುನ್ನೂರಕ್ಕೂ ಹೆಚ್ಚು ವಿಮಾನಗಳನ್ನು ಯುದ್ಧದಲ್ಲಿ ಬಳಸಿದ್ದನ್ನು ನೆನೆದರೆ, ಈ ಮೂರು ಸ್ಪಿಟ್‌ಫೈರ್‌ಗಳ ಹಣೆಬರಹ ಸ್ವಲ್ಪ ಪಾಪವೆನ್ನಿಸುತ್ತದೆ. 1944ರಲ್ಲಿ ಮಾರ್ಕ್ ಒಂಬತ್ತಕ್ಕೂ ಅದೇ ಫ್ಲೋಟ್‌ಗಳನ್ನು ಕಟ್ಟಿ ನೋಡಿದರು. ಅದು ಗಂಟೆಗೆ ಸುಮಾರು 377 ಮೈಲಿ ವೇಗ ಮುಟ್ಟಿತಾದರೂ ಮುಂದುವರಿಯಲಿಲ್ಲ. ನಾವು ಕಟ್ಟಲಿರುವುದು ಮಾರ್ಕ್ ಐದು ಬಿ.

ಈಗ ಕಾರಣಗಳ ಸರಪಳಿಗೆ ಬರೋಣ. ಚಕ್ರದ ಮೇಲೆ ಓಡುವ ವಿಮಾನಕ್ಕಿಂತ ನೀರನ್ನು ಸೀಳಿಕೊಂಡು ಓಡುವ ವಿಮಾನಕ್ಕೆ ಮೇಲೇಳುವಾಗ ಹೆಚ್ಚಿನ ಎಳೆತ ಬೇಕು. ಮಾಮೂಲಿ ಮಾರ್ಕ್ ಐದರ ಮೂರು ಅಲಗಿನ ಪ್ರೊಪೆಲ್ಲರ್ ಹೋಗಿ, 11 ಅಡಿ 3 ಅಂಗುಲ ವ್ಯಾಸದ ರೋಟಾಲ್ ಕಂಪನಿಯ ನಾಲ್ಕು ಅಲಗಿನ ಪ್ರೊಪೆಲ್ಲರ್ ಬಂದಿತು. ಅತಿ ಮುಖ್ಯವಾದ ಪರಿಣಾಮ ಬಾಲದಲ್ಲಿ ಕಾಣುತ್ತದೆ. ಗಾಳಿಪಟಕ್ಕೆ ಬಾಲಂಗೋಚಿ ಯಾಕೆ ಕಟ್ಟುತ್ತೇವೆಂದು ಮಕ್ಕಳಿಗೂ ಗೊತ್ತು. ವಿಮಾನದ ಮೂತಿ ನೇರವಾಗಿ ನಿಲ್ಲುವುದು ಕೂಡ ಬಾಲದ ನೆಟ್ಟಗಿನ ಫಿನ್‌ನ ಮೇಲೆ ಗಾಳಿ ಒತ್ತುವುದರಿಂದಲೇ. ಭಾರಕೇಂದ್ರದ ಮುಂದಕ್ಕೆ ಚಾಚಿಕೊಂಡ ಎರಡು ದೊಡ್ಡ ಫ್ಲೋಟ್‌ಗಳ ಪಕ್ಕೆಗೂ ಗಾಳಿ ಒತ್ತತೊಡಗಿದಾಗ ಮೂತಿ ಅತ್ತಿತ್ತ ತಿರುಗಲು ನೋಡುತ್ತದೆ. ಅದನ್ನು ಸರಿತೂಗಿಸಲು ಬಾಲದ ಕಡೆ ಫಿನ್‌ನ ವಿಸ್ತೀರ್ಣ ಹೆಚ್ಚಿಸಲೇಬೇಕು. ಅದಕ್ಕಾಗಿ ಫಿನ್‌ನ ಮುಂದಂಚನ್ನು ಮುಂದಕ್ಕೆ ಬೆಳೆಸಿದರು, ಒಡಲಿನ ಹಿಂಭಾಗದ ಕೆಳಗೆ ಇನ್ನೊಂದು ಫಿನ್ ಸೇರಿಸಿದರು. ಮೂರನೆಯದು, ಎಂಜಿನ್ನಿಗೆ ಗಾಳಿ ಒದಗಿಸುವ ಕೊಳವೆಯ ಬಾಯಿ. ಒಡಲಿನ ಕೆಳಗಿದ್ದ ಅದರೊಳಗೆ ಫ್ಲೋಟ್‌ಗಳು ಎರಚುವ ನೀರು ನುಗ್ಗದಂತೆ ಅದರ ರೂಪವನ್ನೂ ಬದಲಿಸಬೇಕಾಯಿತು. ಇವುಗಳ ಜತೆಗೆ, ರೆಕ್ಕೆಯ ಕೆಳಗಿನ ಚಕ್ರದ ಗುಂಡಿಗಳಿಗೆ ಇನ್ನು ಕೆಲಸವಿಲ್ಲ; ಅವನ್ನು ಮುಚ್ಚಬೇಕು. ಮಾದರಿ ಕಟ್ಟುವವರ ಪಾಲಿಗೆ ಇಷ್ಟೇ ಪಟ್ಟಿ: ಫ್ಲೋಟ್, ಅವುಗಳ ಕಾಲು, ಪ್ರೊಪೆಲ್ಲರ್, ಮೇಲಿನ ಫಿನ್, ಕೆಳಗಿನ ಫಿನ್, ಗಾಳಿಯ ಬಾಯಿ, ಚಕ್ರದ ಗುಂಡಿ. ಕಾರಣ ತಿಳಿಯದವರು ಇವುಗಳಲ್ಲಿ ಮರೆಯುವುದು ಹೆಚ್ಚಾಗಿ ಕೆಳಗಿನ ಫಿನ್ ಅನ್ನೇ.

ಮುಂದಿನದು ಲೆಕ್ಕ. 1/72 ಎಂದರೆ ನಿಜವಾದ 72 ಅಂಗುಲ, ಅಂದರೆ ಆರಡಿ, ಮಾದರಿಯಲ್ಲಿ ಒಂದು ಅಂಗುಲವಾಗುತ್ತದೆ. ಆರಡಿ ಆಳು ಒಂದಂಗುಲದ ಗೊಂಬೆಯಾಗುತ್ತಾನೆ. ಬ್ರಿಟಿಷ್ ವಿಮಾನಗಳ ಅಳತೆಗಳು ಅಡಿ-ಅಂಗುಲಗಳಲ್ಲಿರುವುದರಿಂದ, ಎಲ್ಲವನ್ನೂ ಅಂಗುಲಕ್ಕೆ ತಂದು 25.4ರಿಂದ ಗುಣಿಸಿ 72ರಿಂದ ಭಾಗಿಸಿದರೆ ಮಿಲಿಮೀಟರ್ ಲೆಕ್ಕ ಸಿಗುತ್ತದೆ. ಸ್ಪಿಟ್‌ಫೈರ್‌ನ ರೆಕ್ಕೆಯ ಹರವು 36 ಅಡಿ 10 ಅಂಗುಲ. ಮಾದರಿಯಲ್ಲಿ 156 ಮಿ.ಮೀ. ಒಡಲಿನ ಉದ್ದ 29 ಅಡಿ 11 ಅಂಗುಲ, ಮಾದರಿಯಲ್ಲಿ 126.6 ಮಿ.ಮೀ. ಫ್ಲೋಟ್‌ನ ಉದ್ದ 25 ಅಡಿ 7 ಅಂಗುಲ, ಮಾದರಿಯಲ್ಲಿ 108.3 ಮಿ.ಮೀ. ಪ್ರೊಪೆಲ್ಲರ್‌ನ ವ್ಯಾಸ 47.6 ಮಿ.ಮೀ. ಮೊದಲು ಕಿಟ್‌ನ ಒಡಲು ಮತ್ತು ರೆಕ್ಕೆಯನ್ನೇ ಅಳೆದು ಅವು ಈ ಲೆಕ್ಕಕ್ಕೆ ಕೂಡಿಬರುತ್ತವೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು, ಏಕೆಂದರೆ ಹಳೆಯ ಕಿಟ್‌ಗಳು ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆ ಇರುವುದುಂಟು, ಮತ್ತು ಮಾದರಿಯ ಒಂದು ಮಿಲಿಮೀಟರ್ ಎಂದರೆ ನಿಜವಾದ ವಿಮಾನದ ಏಳು ಸೆಂಟಿಮೀಟರ್.

ಈ ಲೆಕ್ಕದಲ್ಲಿ ನಾನೇ ಒಮ್ಮೆ ಮೋಸಹೋದೆ. ಮೂರು ಕಡೆಯಿಂದ ಬರೆದ ರೇಖಾಚಿತ್ರವೊಂದನ್ನು ಬಿ.ಎಚ್. ರಸ್ತೆಯ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿಕೊಂಡು ಬಂದು, ಅದರ ಕೆಳಗೆ ಕಾರ್ಬನ್ ಇಟ್ಟು ಫ್ಲೋಟ್‌ನ ಆಕಾರವನ್ನು ಮರಕ್ಕೆ ಇಳಿಸಿದ್ದೆ. ಎರಡು ಭಾನುವಾರ ಕೆತ್ತಿದ ಮೇಲೆ ಒಡಲಿನ ಕೆಳಗೆ ಹಿಡಿದು ನೋಡಿದರೆ ಫ್ಲೋಟ್ ಯಾಕೋ ಗಿಡ್ಡವಾಗಿ ಕಂಡಿತು. ಅಳೆದರೆ 105 ಮಿ.ಮೀ. ಹಾಳೆಯ ಅಂಚಿನೊಳಗೆ ಚಿತ್ರ ಹಿಡಿಯುವಂತೆ ಯಂತ್ರ ಅದನ್ನು ನೂರಕ್ಕೆ ತೊಂಬತ್ತೇಳಕ್ಕೆ ಕುಗ್ಗಿಸಿತ್ತು. ಅಂಗಡಿಯವರ ತಪ್ಪೇನೂ ಇರಲಿಲ್ಲ. ಕುಗ್ಗಿಸಬೇಡಿ ಎಂದು ನಾನು ಹೇಳಿರಲಿಲ್ಲ. ಮೂರು ಮಿಲಿಮೀಟರ್ ಚಿಲ್ಲರೆ ಅಂದರೆ ನಿಜವಾದ ವಿಮಾನದಲ್ಲಿ ಸುಮಾರು 24 ಸೆಂಟಿಮೀಟರ್. ಅದು ಕಣ್ಣಿಗೆ ಹೊಡೆದು ಕಾಣುತ್ತದೆ. ಅಂದಿನಿಂದ ಯಾವ ಚಿತ್ರವನ್ನೇ ಪ್ರಿಂಟ್ ಹಾಕಿಸಲಿ, ಅದರ ಮೂಲೆಯಲ್ಲಿ ಸರಿಯಾಗಿ 100 ಮಿ.ಮೀ. ಉದ್ದದ ಒಂದು ಗೆರೆ ಎಳೆದಿರುತ್ತೇನೆ. ಮನೆಗೆ ಬಂದು ಮೊದಲು ಅಳೆಯುವುದು ಆ ಗೆರೆಯನ್ನು.

ರೇಖಾಚಿತ್ರಕ್ಕಿಂತ ಹೆಚ್ಚಿನ ಸಾಕ್ಷಿ ಛಾಯಾಚಿತ್ರ. ಒಬ್ಬರು ಬರೆದ ತಪ್ಪು ಗೆರೆಯನ್ನು ಇನ್ನೊಬ್ಬರು ನಕಲು ಮಾಡಿ, ಆ ನಕಲು ಹತ್ತು ಕಡೆ ಹರಡಿರುವುದು ಈ ಹವ್ಯಾಸದಲ್ಲಿ ಸಾಮಾನ್ಯ. ಆದ್ದರಿಂದ ಪಕ್ಕದಿಂದ ನೇರವಾಗಿ ತೆಗೆದ ಚಿತ್ರವೊಂದನ್ನು ಆರಿಸಿಕೊಂಡು, ಅದರಲ್ಲಿ ಉದ್ದಗಳನ್ನಲ್ಲ, ಉದ್ದಗಳ ನಡುವಿನ ಅನುಪಾತವನ್ನು ಅಳೆಯಬೇಕು. ಫ್ಲೋಟ್‌ನ ಉದ್ದವನ್ನು ಒಡಲಿನ ಉದ್ದದಿಂದ ಭಾಗಿಸಿದರೆ 0.855 ಬರಬೇಕು. ಚಿತ್ರದಲ್ಲಿ 0.85ರ ಆಸುಪಾಸು ಬಂದರೆ ಆ ಚಿತ್ರ ಬಹುಮಟ್ಟಿಗೆ ನೇರವಾದದ್ದೆಂದು ನಂಬಬಹುದು, 0.9 ಬಂದರೆ ಕ್ಯಾಮೆರಾ ಫ್ಲೋಟ್‌ಗೆ ಹತ್ತಿರವಿತ್ತು ಅಥವಾ ಓರೆಯಾಗಿತ್ತು ಎಂದರ್ಥ. ಹೀಗೆ ಪರೀಕ್ಷೆಯಲ್ಲಿ ಪಾಸಾದ ಚಿತ್ರದಿಂದ ಫ್ಲೋಟ್‌ನ ಎತ್ತರ, ಕಾಲಿನ ಅಗಲ, ಕೆಳಗಿನ ಫಿನ್‌ನ ಆಳ, ಇವನ್ನೆಲ್ಲ ಒಡಲಿನ ಉದ್ದದ ಭಾಗವಾಗಿ ಬರೆದುಕೊಂಡು 126.6ರಿಂದ ಗುಣಿಸಿದರೆ ಮಾದರಿಯ ಅಳತೆಗಳು ಸಿದ್ಧವಾಗುತ್ತವೆ. ಹೈಸ್ಕೂಲಿನ ತ್ರೈರಾಶಿಯೇ ಸಾಕು, ಇದಕ್ಕೆ ಯಾವ ದೊಡ್ಡ ವಿದ್ಯೆಯೂ ಬೇಡ.

ಇನ್ನು ಫ್ಲೋಟ್. ಇಡೀ ಕೆಲಸದ ಮುಕ್ಕಾಲು ಪಾಲು ಇಲ್ಲೇ ಇದೆ, ಆದುದರಿಂದ ಇದರ ಆಕಾರವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮೇಲಿನಿಂದ ನೋಡಿದರೆ ಫ್ಲೋಟ್ ಎರಡೂ ತುದಿ ಚೂಪಾದ, ಉದ್ದನೆಯ ಹುರುಳಿಕಾಯಿಯಂತೆ ಕಾಣುತ್ತದೆ. ಅಡ್ಡಲಾಗಿ ಕೊಯ್ದು ನೋಡಿದರೆ ಮೇಲ್ಭಾಗ ಗುಂಡಗೆ, ಕೆಳಭಾಗ ದೋಣಿಯ ತಳದಂತೆ ಇಳಿಜಾರಾಗಿ ನಡುವಿನ ಏಣಿನಲ್ಲಿ ಸೇರುತ್ತದೆ. ಗುಂಡುಭಾಗವೂ ಇಳಿಜಾರುಭಾಗವೂ ಕೂಡುವಲ್ಲಿ ಪಕ್ಕೆಯುದ್ದಕ್ಕೂ ಒಂದು ಚೂಪಾದ ಅಂಚಿರುತ್ತದೆ. ಪಕ್ಕದಿಂದ ನೋಡಿದಾಗ ತಳದಲ್ಲಿ, ನಡುಭಾಗದ ಹತ್ತಿರ, ಒಂದು ಮೆಟ್ಟಿಲು ಕಾಣುತ್ತದೆ. ಆ ಮೆಟ್ಟಿಲು ಅಲಂಕಾರಕ್ಕಲ್ಲ. ನೀರು ನುಣುಪಾದ ಮೈಗೆ ಅಂಟಿಕೊಂಡು ಎಳೆಯುವ ಸ್ವಭಾವದ್ದು. ಒದ್ದೆ ಲೋಟದ ತಳಕ್ಕೆ ತಟ್ಟೆ ಅಂಟಿಕೊಂಡು ಮೇಲೇಳುವುದನ್ನು ನಾವೆಲ್ಲ ಕಂಡಿದ್ದೇವೆ. ಫ್ಲೋಟ್ ವೇಗವಾಗಿ ಓಡಿದಾಗ ಮೆಟ್ಟಿಲಿನ ಅಂಚಿನಲ್ಲಿ ನೀರಿನ ಹರಿವು ಕಡಿದುಹೋಗಿ ಗಾಳಿ ಒಳನುಗ್ಗುತ್ತದೆ, ಹಿಂಭಾಗ ನೀರಿನಿಂದ ಬಿಡಿಸಿಕೊಳ್ಳುತ್ತದೆ, ವಿಮಾನ ಮೆಟ್ಟಿಲಿನ ಮುಂದಿನ ತಳದ ಮೇಲಷ್ಟೇ ಜಾರುತ್ತಾ ಮೇಲೇಳುತ್ತದೆ. ಮೇಲೇಳುವಾಗ ವಿಮಾನ ಆ ಅಂಚಿನ ಮೇಲೆ ಮೂತಿ ಎತ್ತಿಕೊಳ್ಳಬೇಕಾದ್ದರಿಂದ ಮೆಟ್ಟಿಲು ಭಾರಕೇಂದ್ರಕ್ಕೆ ತುಸು ಹಿಂದೆ ಇರಬೇಕು. ಇದು ಗೊತ್ತಿದ್ದರೆ ಫ್ಲೋಟ್ ಅನ್ನು ಒಡಲಿನ ಕೆಳಗೆ ಹಿಂದೆ-ಮುಂದೆ ಎಲ್ಲಿ ನಿಲ್ಲಿಸಬೇಕೆಂಬ ಗೊಂದಲವೂ ಬಗೆಹರಿಯುತ್ತದೆ.

ಕೆತ್ತನೆಗೆ ನಾನು ಬಳಸುವುದು ಚನ್ನಪಟ್ಟಣದ ಗೊಂಬೆ ಮಾಡುವವರು ಬಳಸುವ ಆಲೆ ಮರ. ಬಿಳಿಯ ಮೈ, ಒತ್ತಾದ ಎಳೆ, ಉಳಿ ಹೇಗೆ ಹೋದರೂ ಸೀಳು ಬಿಡುವುದಿಲ್ಲ. ಹಗುರವಾದ ಬಾಲ್ಸಾ ಬೇಗ ಕೆತ್ತಬಹುದಾದರೂ ಅದರ ರಂಧ್ರಗಳನ್ನು ಮುಚ್ಚುವುದರಲ್ಲಿ ಉಳಿಸಿದ ಸಮಯವೆಲ್ಲ ಹೋಗುತ್ತದೆ. ಎರಡು ಫ್ಲೋಟ್‌ಗಳೂ ಒಂದೇ ರೀತಿ ಬರಬೇಕಾದ್ದರಿಂದ ಒಂದೇ ಅಚ್ಚು ಕೆತ್ತಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಬಿಸಿಯಲ್ಲಿ ಎಳೆದು ಎರಡು ಜೊತೆ ಚಿಪ್ಪು ತೆಗೆಯುವುದು ಉತ್ತಮ. ಅಚ್ಚನ್ನು ಮೇಲಿನ ಗುಂಡುಭಾಗ, ಕೆಳಗಿನ ತಳ ಎಂದು ಎರಡಾಗಿ ಮಾಡಿಕೊಳ್ಳಬೇಕು. ಹಾಳೆಯ ದಪ್ಪ ಅರ್ಧ ಮಿಲಿಮೀಟರ್ ಇದ್ದರೆ ಅಚ್ಚು ಸುತ್ತಲೂ ಅಷ್ಟು ಸಣ್ಣದಾಗಿರಬೇಕು; ಇಲ್ಲದಿದ್ದರೆ ಚಿಪ್ಪು ಹೊರಬಂದಾಗ ಒಂದು ಮಿಲಿಮೀಟರ್ ಅಗಲ ಹೆಚ್ಚಾಗಿರುತ್ತದೆ. ಕೆತ್ತುವಾಗ ಕಣ್ಣಳತೆ ನಂಬುವಂತಿಲ್ಲ. ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದದಲ್ಲಿ ಐದಾರು ಕಡೆಯ ಅಡ್ಡಕೊಯ್ತದ ಆಕಾರವನ್ನು ಕತ್ತರಿಸಿ, ಆ ಕಚ್ಚನ್ನು ಮರಕ್ಕೆ ಹಿಡಿದು, ಹಿಂದಿನಿಂದ ದೀಪ ಬಿಟ್ಟು ನೋಡಬೇಕು. ಬೆಳಕು ಸೋರುವ ಕಡೆ ಮರ ಕಡಿಮೆಯಾಗಿದೆ, ಕಾಗದ ತಾಗಿ ನಿಲ್ಲುವ ಕಡೆ ಇನ್ನೂ ಕೆತ್ತಬೇಕು.

ಈ ಕೆಲಸದಲ್ಲಿ ನನಗೆ ದೊಡ್ಡ ನೆರವಾದದ್ದು ಎಚ್‌ಎಂಟಿ ಕೈಗಡಿಯಾರದ ಕಾರ್ಖಾನೆ. ತುಮಕೂರಿನ ಆ ಕಾರ್ಖಾನೆ ಮುಚ್ಚಿದ ಮೇಲೂ ಅಲ್ಲಿ ದುಡಿದವರ ಮನೆಗಳಲ್ಲಿ ಕಣ್ಣಿಗೆ ಕಚ್ಚಿಸಿಕೊಳ್ಳುವ ಭೂತಗನ್ನಡಿ, ಕೂದಲೆಳೆಯನ್ನೂ ಹಿಡಿಯುವ ಚಿಮಟ, ಬೆರಳಲ್ಲೇ ತಿರುಗಿಸುವ ಸಣ್ಣ ಡ್ರಿಲ್ ಹಿಡಿಕೆಗಳು ಉಳಿದಿವೆ. ನಮ್ಮ ಬೀದಿಯ ನಿವೃತ್ತರೊಬ್ಬರು ತಮ್ಮ ಭೂತಗನ್ನಡಿ ಕೊಡುವಾಗ, "ಎರಡು ಕಣ್ಣೂ ಬಿಟ್ಟುಕೊಂಡೇ ನೋಡಬೇಕಪ್ಪ, ಒಂದು ಮುಚ್ಚಿದರೆ ಅರ್ಧ ಗಂಟೆಗೇ ತಲೆನೋವು ಬರುತ್ತೆ" ಎಂದಿದ್ದರು. ಆ ಮಾತು ಎಷ್ಟು ಸರಿಯೆಂದು ತಿಳಿಯಲು ನನಗೆ ಒಂದು ಸಂಜೆ ಸಾಕಾಯಿತು.

ಹಾಳೆಗೆ ಪಾಲಿಸ್ಟೈರೀನ್ ಆಗಬೇಕು, ಏಕೆಂದರೆ ಕಿಟ್ ಕೂಡ ಅದರದೇ. ಎರಡೂ ಒಂದೇ ಅಂಟಿಗೆ ಒಗ್ಗುತ್ತವೆ. ಕಿಟ್‌ಗಳ ಅಂಟು ಫೆವಿಕಾಲ್‌ನಂತೆ ಮೇಲ್ಮೈಗೆ ಹಿಡಿದು ಕೂರುವುದಿಲ್ಲ. ಅದು ಪ್ಲಾಸ್ಟಿಕ್ಕನ್ನೇ ತುಸು ಕರಗಿಸಿ, ಎರಡು ತುಂಡುಗಳನ್ನು ಬೆಸುಗೆ ಹಾಕಿದಂತೆ ಒಂದುಮಾಡುತ್ತದೆ. ಹಾಳೆ ಸಿಗದಿದ್ದರೆ ಬಿಸಾಡುವ ಲೋಟ-ಮುಚ್ಚಳಗಳ ತಳದಲ್ಲಿ ತ್ರಿಕೋನದೊಳಗೆ 6 ಎಂಬ ಅಂಕಿ ಇರುವುದನ್ನು ಹುಡುಕಬಹುದು, ಅದು ಪಾಲಿಸ್ಟೈರೀನ್. 5 ಎಂದಿದ್ದರೆ ಅದು ಪಾಲಿಪ್ರೊಪಿಲೀನ್, ಈ ಅಂಟಿಗೆ ಜಗ್ಗುವುದಿಲ್ಲ. ಥರ್ಮೋಕೋಲ್ ಕೂಡ ಗಾಳಿ ತುಂಬಿ ಉಬ್ಬಿಸಿದ ಪಾಲಿಸ್ಟೈರೀನೇ. ಅದರ ಮೇಲೆ ಈ ಅಂಟು ಬಿದ್ದರೆ ಕ್ಷಣದಲ್ಲಿ ಗುಂಡಿ ಬೀಳುತ್ತದೆ, ಆದ್ದರಿಂದ ಮಾದರಿಯನ್ನು ಥರ್ಮೋಕೋಲ್ ಮೇಲೆ ಒರಗಿಸಿ ಅಂಟಿಸಬಾರದು. ಅಂಟಿನ ಆವಿ ತಲೆಗೇರುವಂಥದ್ದು, ಕಿಟಕಿ ತೆರೆದಿರಲಿ.

ಚಿಪ್ಪು ಎಳೆಯುವ ವಿಧಾನ ಹೀಗಿದೆ. ಪ್ಲೈವುಡ್ ಹಲಗೆಯಲ್ಲಿ ಅಚ್ಚಿಗಿಂತ ಹಾಳೆಯ ದಪ್ಪದಷ್ಟೇ ದೊಡ್ಡದಾದ ಕಂಡಿ ಕೊರೆದು, ಅದರ ಮೇಲೆ ಹಾಳೆಯನ್ನು ಸುತ್ತಲೂ ಡ್ರಾಯಿಂಗ್ ಪಿನ್‌ಗಳಿಂದ ಬಿಗಿಯಬೇಕು. ಗ್ಯಾಸ್ ಒಲೆಯನ್ನು ಸಣ್ಣ ಉರಿಯಲ್ಲಿಟ್ಟು, ಮೇಲೆ ದೋಸೆ ಕಾವಲಿ ಕಾಯಿಸಿ, ಕಾವಲಿಯಿಂದ ಒಂದು ಗೇಣು ಎತ್ತರದಲ್ಲಿ ಹಲಗೆಯನ್ನು ಮಗುಚಿ ಹಿಡಿಯಬೇಕು. ನೇರ ಉರಿಗೆ ಹಿಡಿಯಲೇಬಾರದು, ಪಾಲಿಸ್ಟೈರೀನ್ ಹೊತ್ತಿಕೊಂಡರೆ ಕಪ್ಪು ಹೊಗೆ ಬಿಟ್ಟು ಉರಿಯುತ್ತದೆ. ಸುಮಾರು 100 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಅದು ಮೆತ್ತಗಾಗತೊಡಗುತ್ತದೆ. ಹಾಳೆ ಮೊದಲು ಸುಕ್ಕುಗಟ್ಟುತ್ತದೆ. ಅನುಭವವಿಲ್ಲದವರು ಇಲ್ಲೇ ಗಾಬರಿಯಾಗಿ ತೆಗೆದುಬಿಡುತ್ತಾರೆ. ಇನ್ನೂ ಕಾಯಬೇಕು. ಸುಕ್ಕು ಹೋಗಿ ಹಾಳೆ ಮತ್ತೆ ಬಿಗಿಯಾಗಿ ಹೊಳೆಯುತ್ತದೆ, ಆಮೇಲೆ ನಡುವೆ ಜೋತುಬೀಳಲು ಶುರುವಾಗುತ್ತದೆ. ಆ ಗಳಿಗೆಯಲ್ಲಿ ಹಲಗೆಯನ್ನು ಕೆಳಗಿಟ್ಟು ಅಚ್ಚನ್ನು ಕಂಡಿಯೊಳಗೆ ಒಂದೇ ಏಟಿಗೆ ಒತ್ತಿ ಹತ್ತು ಎಣಿಸುವವರೆಗೆ ಹಿಡಿಯಬೇಕು. ನನಗೆ ಆರನೆಯ ಸಲ ಸರಿಯಾದ ಚಿಪ್ಪು ಬಂತು. ಮೊದಲ ಐದೂ ಮೂತಿಯ ಕಡೆ ಹರಿದುಕೊಂಡವು. ಮೂತಿಯ ಚೂಪನ್ನು ಅಚ್ಚಿನಲ್ಲಿ ಸ್ವಲ್ಪ ಮೊಂಡು ಮಾಡಿ, ಆ ಚೂಪನ್ನು ಆಮೇಲೆ ಪುಟ್ಟಿಯಿಂದ ಕಟ್ಟಿದರೆ ಹರಿಯುವುದಿಲ್ಲವೆಂಬುದು ಆಗ ಗೊತ್ತಾಯಿತು. ಮೆಟ್ಟಿಲನ್ನೂ ಹೀಗೆಯೇ ಆಮೇಲೆ ಮಾಡುವುದು ಲೇಸು; ಚೂಪಾದ ಅಂಚು ಬಿಸಿ ಹಾಳೆಯಲ್ಲಿ ಎಂದೂ ಚೂಪಾಗಿ ಮೂಡುವುದಿಲ್ಲ.

ಕಾಲುಗಳ ವಿಷಯದಲ್ಲಿ ಈ ವಿಮಾನ ಮಾದರಿಕಾರರಿಗೆ ಒಂದು ಉಪಕಾರ ಮಾಡಿದೆ, ಒಂದು ಅಪಕಾರವನ್ನೂ ಮಾಡಿದೆ. ಹಳೆಯ ಫ್ಲೋಟ್ ವಿಮಾನಗಳಲ್ಲಿ ಕಾಣುವ ಅಡ್ಡತಂತಿಗಳ ಜಾಲ ಇಲ್ಲಿಲ್ಲ. ರೆಕ್ಕೆಯ ಬುಡದಿಂದ ತುಸು ಹೊರಗೆ, ಗಾಳಿ ಸೀಳುವಂತೆ ಚಪ್ಪಟೆಯಾದ ಕಾಲುಗಳು ಸ್ವತಂತ್ರವಾಗಿ ಕೆಳಗಿಳಿದು ಫ್ಲೋಟ್ ಹಿಡಿದಿವೆ. ತಂತಿ ಕಟ್ಟುವ ಕಷ್ಟ ತಪ್ಪಿತು, ಆದರೆ ಇಡೀ ಭಾರ ಆ ಕಾಲುಗಳ ಮೇಲೆಯೇ ಬೀಳುವುದರಿಂದ ಬರಿಯ ಅಂಟಿನ ಕೀಲು ನಿಲ್ಲುವುದಿಲ್ಲ. ರೆಕ್ಕೆಯ ಒಳಗೆ, ಚಕ್ರದ ಗುಂಡಿಯಿದ್ದ ಜಾಗದಲ್ಲಿ, ದಪ್ಪ ಪ್ಲಾಸ್ಟಿಕ್ಕಿನ ಗಟ್ಟಿಯೊಂದನ್ನು ಮೊದಲೇ ಕೂರಿಸಿ, ಕಾಲಿನ ನಡುವೆ ಹಿತ್ತಾಳೆಯ ತಂತಿ ತೂರಿಸಿ, ಆ ತಂತಿಯ ಮೇಲ್ತುದಿಯನ್ನು ಗಟ್ಟಿಯೊಳಕ್ಕೂ ಕೆಳತುದಿಯನ್ನು ಫ್ಲೋಟ್‌ನೊಳಕ್ಕೂ ಇಳಿಸಬೇಕು. ಒಮ್ಮೆ ತಂತಿಯ ಬದಲು ತೆಂಗಿನ ಗರಿಯ ಕಡ್ಡಿ ಹಾಕಿದ್ದೆ. ನಮ್ಮ ಕಡೆ ಅದಕ್ಕೇನು ಬರ. ಕೆಲವು ತಿಂಗಳು ನೆಟ್ಟಗೇ ಇತ್ತು, ಮಳೆಗಾಲದ ತೇವಕ್ಕೆ ಬಾಗಿ ಬಲಗಡೆಯ ಫ್ಲೋಟ್ ಹೊರಮುಖವಾಯಿತು. ಹಿತ್ತಾಳೆಯೇ ಸರಿ.

ಎರಡೂ ಫ್ಲೋಟ್ ಸಮಾನಾಂತರವಾಗಿ, ಒಂದೇ ಎತ್ತರದಲ್ಲಿ ನಿಲ್ಲಿಸುವುದು ತಾಳ್ಮೆಯ ಕೆಲಸ. ಗಾಜಿನ ಮೇಲೆ ಗ್ರಾಫ್ ಹಾಳೆ ಅಂಟಿಸಿ, ಫ್ಲೋಟ್‌ಗಳ ನಡುಗೆರೆಗಳು ಬೀಳಬೇಕಾದ ಎರಡು ಗೆರೆಗಳನ್ನು ಗುರುತು ಮಾಡಿ, ಫ್ಲೋಟ್‌ಗಳನ್ನು ಅವುಗಳ ಮೇಲೆ ಜೇಡಿಮಣ್ಣಿನ ಉಂಡೆಗಳಿಂದ ಕದಲದಂತೆ ಕೂರಿಸಬೇಕು. ವಿಮಾನವನ್ನು ಮೇಲಿನಿಂದ ಇಳಿಸಿ, ಎರಡು ರೆಕ್ಕೆಯ ತುದಿಗಳೂ ಗಾಜಿನಿಂದ ಒಂದೇ ಎತ್ತರದಲ್ಲಿವೆಯೇ ಎಂದು ಸ್ಕೇಲ್ ನಿಲ್ಲಿಸಿ ನೋಡಿ, ಆಮೇಲೆ ಅಂಟು ಬಿಡಬೇಕು. ಅಂಟು ಬಿಡುವ ಮುನ್ನ ಇನ್ನೊಂದು ಪರೀಕ್ಷೆಯುಂಟು: 47.6 ಮಿ.ಮೀ. ವ್ಯಾಸದ ಕಾಗದದ ಬಿಲ್ಲೆಯೊಂದನ್ನು ಮೂತಿಗೆ ಚುಚ್ಚಿ ತಿರುಗಿಸಬೇಕು. ಅದು ಫ್ಲೋಟ್‌ನ ಮೇಲ್ಮೈಗೆ ತಾಗಿದರೆ ಕಾಲಿನ ಉದ್ದವೋ ಫ್ಲೋಟ್‌ನ ಸ್ಥಾನವೋ ತಪ್ಪಿದೆ ಎಂದು ಖಚಿತ. ತಾಗದಿದ್ದರೆ ಎಲ್ಲವೂ ಸರಿಯೆಂದು ಹೇಳಲಾಗದು, ಆದರೆ ದೊಡ್ಡ ತಪ್ಪಿಲ್ಲವೆಂದು ಧೈರ್ಯ ತಾಳಬಹುದು.

ಪ್ರೊಪೆಲ್ಲರ್‌ಗೆ ಎರಡು ಕಿಟ್‌ಗಳ ಮೂರಲಗಿನ ಪ್ರೊಪೆಲ್ಲರ್‌ಗಳಿಂದ ನಾಲ್ಕು ಅಲಗುಗಳನ್ನು ಬಿಡಿಸಿಕೊಳ್ಳಬಹುದು. ಮೂತಿಯ ಟೊಪ್ಪಿಯಲ್ಲಿ 120 ಡಿಗ್ರಿಗೆ ಒಂದರಂತೆ ಇರುವ ಮೂರು ಕಂಡಿಗಳನ್ನು ಮುಚ್ಚಿ, 90 ಡಿಗ್ರಿಗೆ ಒಂದರಂತೆ ನಾಲ್ಕು ಹೊಸದಾಗಿ ಕೊರೆಯಬೇಕು. ಅಲಗುಗಳ ಓರೆ ಒಂದೇ ದಿಕ್ಕಿಗಿರಲಿ; ಒಂದು ಅಲಗು ತಿರುಗುಮುರುಗಾಗಿ ಕೂತ ಮಾದರಿಗಳನ್ನು ನಾನು ಕಂಡಿದ್ದೇನೆ, ನಾನೂ ಕೂರಿಸಿದ್ದೇನೆ. ಮೇಲಿನ ಮತ್ತು ಕೆಳಗಿನ ಫಿನ್‌ಗಳು ಸುಲಭ: ಒಂದು ಮಿಲಿಮೀಟರ್ ದಪ್ಪದ ಹಾಳೆ ಕತ್ತರಿಸಿ, ಬುಡದಲ್ಲಿ ಪಿನ್ ಚುಚ್ಚಿ ನಿಲ್ಲಿಸಿ, ಅಂಚುಗಳನ್ನು ತೆಳ್ಳಗೆ ಉಜ್ಜಿದರಾಯಿತು. ಗಾಳಿಯ ಬಾಯಿಯನ್ನು ಕಿಟ್‌ನ ಭಾಗಕ್ಕೆ ಹಾಳೆ ಸೇರಿಸಿ ಚಿತ್ರ ನೋಡಿಕೊಂಡು ತಿದ್ದಬೇಕು.

ಸಂದುಗಳನ್ನು ತುಂಬಲು ಎಂ-ಸೀಲ್ ಮತ್ತು ಕಾರುಗಳಿಗೆ ಬಳಿಯುವ ಎನ್‌ಸಿ ಪುಟ್ಟಿ ಎರಡೂ ಊರಲ್ಲೇ ಸಿಗುತ್ತವೆ. ದೊಡ್ಡ ಗುಂಡಿಗೆ ಮೊದಲನೆಯದು, ಕೂದಲಗಲದ ಸಂದಿಗೆ ಎರಡನೆಯದು. ಎನ್‌ಸಿ ಪುಟ್ಟಿಯಲ್ಲಿರುವ ದ್ರಾವಕ ಪ್ಲಾಸ್ಟಿಕ್ಕನ್ನು ಕರಗಿಸುವಷ್ಟು ಕಟುವಾದುದರಿಂದ ತೆಳುವಾಗಿ, ಒಂದೊಂದು ಪದರ ಒಣಗಿದ ಮೇಲೆ ಇನ್ನೊಂದು ಹಚ್ಚಬೇಕು. ಒಣಗಿದ ಬಳಿಕ 400, 800, 1200ರ ಎಮರಿ ಕಾಗದಗಳಿಂದ ನೀರು ಹಾಕಿ ಉಜ್ಜಬೇಕು. ನಮ್ಮ ಏಪ್ರಿಲ್ ಬಿಸಿಲಿಗೆ ಪುಟ್ಟಿ ಬೇಗ ಒಣಗುತ್ತದೆಂದು ಮಾದರಿಯನ್ನು ಕಾರಿನೊಳಗೆ ಬಿಡಬೇಡಿ, ರೆಕ್ಕೆ ಸೊಟ್ಟಗಾಗುತ್ತದೆ.

ಬಣ್ಣದ ವಿಚಾರದಲ್ಲಿ ಕಪ್ಪುಬಿಳುಪು ಚಿತ್ರಗಳು ಸುಲಭವಾಗಿ ದಾರಿ ತಪ್ಪಿಸುತ್ತವೆ. ಆ ಕಾಲದ ಒಂದು ಬಗೆಯ ಫಿಲ್ಮ್‌ಗೆ ಕೆಂಪು ಬೆಳಕು ಕಾಣುತ್ತಲೇ ಇರಲಿಲ್ಲ. ಅದರಲ್ಲಿ ಕೆಂಪು, ಹಳದಿ ಎರಡೂ ಗಾಢವಾಗಿಯೂ ನೀಲಿ ತಿಳಿಯಾಗಿಯೂ ಮೂಡುತ್ತವೆ. ಇನ್ನೊಂದು ಬಗೆಯಲ್ಲಿ ಎಲ್ಲ ಬಣ್ಣಗಳೂ ಹೆಚ್ಚುಕಡಿಮೆ ಕಣ್ಣಿಗೆ ಕಾಣುವಂತೆಯೇ ಬೂದಾಗುತ್ತವೆ. 1942ರ ನಡುಭಾಗದಿಂದ ಬ್ರಿಟಿಷ್ ವಿಮಾನಗಳ ಒಡಲಿನ ಚಕ್ರಚಿಹ್ನೆಯ ಸುತ್ತ ತೆಳುವಾದ ಹಳದಿ ಬಳೆಯಿರುತ್ತಿತ್ತು. ಚಿತ್ರದಲ್ಲಿ ಆ ಬಳೆ ಕಪ್ಪಗೆ ಕಂಡರೆ ಅದು ಮೊದಲ ಬಗೆಯ ಫಿಲ್ಮ್, ತಿಳಿಯಾಗಿ ಕಂಡರೆ ಎರಡನೆಯದು. ಉಳಿದ ಬೂದುಛಾಯೆಗಳನ್ನು ಅದಕ್ಕೆ ತಕ್ಕಂತೆ ಓದಿಕೊಳ್ಳಬೇಕು.

ಕೊನೆಗೆ ಒಂದು ಪ್ರಶ್ನೆ ಉಳಿಯುತ್ತದೆ, ಅದನ್ನು ಕೇಳಿದವಳು ಅಕ್ಕನ ಮಗಳು: "ಮಾಮ, ಇದು ನೀರಲ್ಲಿ ತೇಲುತ್ತಾ?" ಲೆಕ್ಕ ಹಾಕಿ ನೋಡಿದರೆ ಉತ್ತರ ಸ್ವಾರಸ್ಯಕರವಾಗಿದೆ. ಉದ್ದ 72 ಪಾಲು ಕುಗ್ಗಿದಾಗ ಗಾತ್ರ 72ರ ಘನದಷ್ಟು, ಅಂದರೆ 3,73,248 ಪಾಲು ಕುಗ್ಗುತ್ತದೆ. ವಿಮಾನದ ತೂಕ 3,000 ಕಿ.ಗ್ರಾಂ. ಎಂದು ಹಿಡಿದರೆ, ಚಿತ್ರಗಳಲ್ಲಿ ಕಾಣುವ ನೀರಿನ ಗೆರೆಯವರೆಗೆ ಮುಳುಗಿ ನಿಲ್ಲಲು ಮಾದರಿಯ ತೂಕ ಕೇವಲ 8 ಗ್ರಾಂ ಇರಬೇಕು. ಫ್ಲೋಟ್‌ಗಳಿಗೆ ವಿಮಾನದ ತೂಕಕ್ಕಿಂತ ಶೇಕಡ 80ರಷ್ಟು ಹೆಚ್ಚು ಹೊರುವ ಶಕ್ತಿಯಿರಬೇಕೆಂಬುದು ಈಗಿನ ವಾಡಿಕೆಯ ನಿಯಮ. ಆ ಲೆಕ್ಕದಲ್ಲೂ ಮಾದರಿಯ ಎರಡು ಫ್ಲೋಟ್ ಸೇರಿ ಹೊರಬಲ್ಲದ್ದು 14 ಗ್ರಾಂ ಚಿಲ್ಲರೆ. ಪುಟ್ಟಿ, ಹಿತ್ತಾಳೆ ಎಲ್ಲ ಸೇರಿ ನನ್ನದು ಚಿನ್ನದಂಗಡಿಯ ತಕ್ಕಡಿಯಲ್ಲಿ 31 ಗ್ರಾಂ ತೂಗಿತ್ತು. ಮುಳುಗುತ್ತದೆ ಮಗೂ ಎಂದೆ. ಅವಳು ನಂಬಲಿಲ್ಲ. ಬಣ್ಣ ಬಳಿಯುವ ಮೊದಲಾದ್ದರಿಂದ ಬಚ್ಚಲಿನ ಬಕೆಟ್ಟಿಗೆ ಬಿಡಲು ಒಪ್ಪಿದೆ. ಫ್ಲೋಟ್‌ಗಳು ಒಂದು ಕ್ಷಣ ತಡೆದು, ಮೂತಿ ಮುಂದಾಗಿ, ತಣ್ಣಗೆ ತಳ ಸೇರಿದವು. ಎಡಗಡೆಯ ಫ್ಲೋಟ್‌ನ ಹಿಂತುದಿಯಿಂದ ಗುಳ್ಳೆಗಳ ಸಣ್ಣ ಸಾಲೊಂದು ಮೇಲೆ ಬಂತು. ಅಲ್ಲಿ ಪುಟ್ಟಿ ಹಿಡಿಯದೆ ಬಿಟ್ಟ ಸಂದು ಒಂದಿದೆಯೆಂದು ಆಗಲೇ ನನಗೆ ಗೊತ್ತಾದದ್ದು.